ಯೆಲ್ಕಾ ಮಾಡಿದ ಗಾಳಿಗಿಲಕಿ

ಜೂನ್ 3, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕೋಳಿ ಕೆದರಿದ ಹಾಗಿದೆ ಅಕ್ಷರ. ದಿನಾ ಸ್ವಲ್ಪ ಬರೆಯಬೇಕು ಅಂತ ಡಾಕ್ಟರಮ್ಮ ಹೇಳಿದರಂತೆ. ನೋಟ್‌ಬುಕ್ಕು ಹೆಂಡತಿ ಯೆಲ್ಕಾ ತಂದಳು. ಇವತ್ತಿಗೆ ಸಾಕು.

ಜೂನ್ 5, ಬುಧವಾರ

ಆದದ್ದನ್ನು ಬರೆದಿಡುತ್ತೇನೆ. ದ್ರಾಕ್ಷಿಗೆ ಬರುವ ಹಕ್ಕಿ ಓಡಿಸುವ, ನಮ್ಮಪ್ಪನ ಕಾಲದ ಗಾಳಿಗಿಲಕಿಯನ್ನು ನವೆಂಬರಿನ ಮಾರ್ಟಿನ್ ಹಬ್ಬಕ್ಕೆ ಕಂಬದಿಂದ ಇಳಿಸಬೇಕಾಗಿತ್ತು. ಕಳೆದ ವರ್ಷ ಸೋಮಾರಿತನ ಮಾಡಿದೆ. ಚಳಿಗಾಲವೆಲ್ಲ ಅದು ದ್ರಾಕ್ಷಿತೋಟದ ತಲೆಯ ಮೇಲೆ ನೆನೆಯಿತು. ಮೇ ತಿಂಗಳ ಆಲಿಕಲ್ಲಿಗೆ ರೆಕ್ಕೆ ಮುರಿದು ಜೋತಾಡಿತು. ಇಳಿಸಲು ನಾಲ್ಕು ಜನ, ಎರಡು ಹಗ್ಗ ಬೇಕು. ನಾನು ಯಾರನ್ನೂ ಕರೆಯದೆ ಏಣಿ ಹತ್ತಿದೆ. ನಾನು ಬಿದ್ದೆ, ನನ್ನ ಮೇಲೆ ಅದು ಬಿತ್ತು. ಬಲಗೈ ಮಣಿಕಟ್ಟು ಮುರಿಯಿತು. ರೆಕ್ಕೆಯ ಕಬ್ಬಿಣದ ಪಟ್ಟಿ ಅಂಗೈ ಸೀಳಿ ನರಗಳನ್ನು ಕತ್ತರಿಸಿತು. ಮಾಡಿದ್ದುಣ್ಣೋ ಮಹರಾಯ.

ಆಸ್ಪತ್ರೆಯಿಂದ ಹೊರಡುವಾಗ ಯೆಲ್ಕಾ ಡಾಕ್ಟರಮ್ಮನ ಜೊತೆ ಹತ್ತು ನಿಮಿಷ ಮಾತಾಡುತ್ತ ನಿಂತಳು. ಅವಳಿಗೆ ದಾರಿಹೋಕರ ಜೊತೆಗೂ ಮಾತು ಬೇಕು. ನಾನು ಬಿಸಿಲಲ್ಲಿ ಕಾರಿನೊಳಗೆ ಬೇಯುತ್ತಿದ್ದೆ.

ಮೂವತ್ತೇಳು ವರ್ಷ ಕಾರ್ಖಾನೆಯಲ್ಲಿ ತಗಡು ಒತ್ತುವ ಅಚ್ಚುಗಳನ್ನು ಮಾಡಿದೆ. ಮಿಲಿಮೀಟರನ್ನು ನೂರು ಪಾಲು ಮಾಡಿ ಅದರಲ್ಲೊಂದು ಪಾಲು ಹೆಚ್ಚಾದರೆ ಬೆರಳಿಗೇ ಗೊತ್ತಾಗುತ್ತಿತ್ತು. ನಿವೃತ್ತಿಯಾದ ಮೇಲೆ ಕಾರನ್ನು ಹೊರಗೆ ನಿಲ್ಲಿಸಿ ಗ್ಯಾರೇಜಿನ ತುಂಬ ಯಂತ್ರ ಇಟ್ಟುಕೊಂಡೆ. ಈ ಕೈ ಹೋದರೆ ನಾನು ಯಾರು ಅಂತ ನನಗೇ ಗೊತ್ತಿಲ್ಲ. ಇದನ್ನು ಯಾರಿಗೂ ಹೇಳುವುದಿಲ್ಲ.

ಜೂನ್ 8, ಶನಿವಾರ

ಎದುರು ದಿಬ್ಬದ ಫೆಲಿಕ್ಸ್ ಬಂದ. ಒಂದು ಬಾಟಲಿ ವೈನು, ಒಂದು ಬುಟ್ಟಿ ಕುಹಕ.

"ಲೋ ಸ್ಲಾವ್ಕೊ, ಹಕ್ಕಿ ಓಡ್ಸೋ ಗಿಲಕಿ ಇಳ್ಸೋಕೆ ಹೋಗಿ ನೀನೇ ಹಾರ್ಬಿಟ್ಯಂತಲ್ಲೋ!"

ನಗಬೇಕಾಯಿತು. ಆಮೇಲೆ ಅವನು, "ಈ ವರ್ಷ ನನ್ನ ಹಳೇದೊಂದಿದೆ, ತಗೊಂಡೋಗಿ ನಿಲ್ಸು. ಹಿಂದಿನ ಅಂಗಳದಲ್ಲಿ ಕೋಳಿ ಕೂತ್ಕೊಳ್ತಿವೆ ಅದರ ಮೇಲೆ," ಅಂದ.

ನಮ್ಮ ದಿಬ್ಬದ ಮೇಲೆ ಫೆಲಿಕ್ಸನ ಗಿಲಕಿಯೇ? ನಮ್ಮಜ್ಜನ ಕಾಲದಿಂದ ಪ್ರತಿ ವರ್ಷ ಆಗಸ್ಟಿನ ದೊಡ್ಡ ಮೇರಿ ಹಬ್ಬದೊಳಗೆ ಇಲ್ಲಿ ನಮ್ಮ ಮನೆಯವರೇ ಮಾಡಿದ್ದು ನಿಂತಿದೆ. ಯುದ್ಧದ ವರ್ಷಗಳಲ್ಲೂ ನಿಂತಿತ್ತು.

"ಬೇಡ ಫೆಲಿಕ್ಸ್. ನಾನು ಮಾಡ್ತೀನಿ," ಅಂದಳು ಯೆಲ್ಕಾ, ಒಲೆಯ ಕಡೆ ಮುಖ ಮಾಡಿಕೊಂಡೇ.

ಫೆಲಿಕ್ಸ್ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಅವಳು ಇಪ್ಪತ್ತೊಂಬತ್ತು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಶರ್ಟಿನ ಕಾಲರು ಹೊಲಿದವಳು.

ಜೂನ್ 14, ಶುಕ್ರವಾರ

ಅವಳು ತಮಾಷೆ ಮಾಡಿರಲಿಲ್ಲ. ಮುರಿದ ಗಿಲಕಿಯ ತುಂಡುಗಳನ್ನೆಲ್ಲ ಹುಲ್ಲಿನ ಮೇಲೆ ಜೋಡಿಸಿ, ಕಂದು ಕಾಗದ ಹಾಸಿ, ಸುತ್ತ ಗೆರೆ ಎಳೆದು ಕತ್ತರಿಸಿಕೊಂಡಿದ್ದಾಳೆ. ಶರ್ಟಿಗೆ ಮಾಡುವ ಹಾಗೆಯೇ. ರೆಕ್ಕೆ ಆರು, ರೆಕ್ಕೆಗಳನ್ನು ಹೊತ್ತು ತಿರುಗುವ ಅಚ್ಚು ಒಂದು, ಸುತ್ತಿಗೆ ನಾಲ್ಕು, ಸುತ್ತಿಗೆ ಬಡಿಯುವ ಚೆರಿ ಹಲಗೆ ಒಂದು, ಗಾಳಿಯತ್ತ ತಿರುಗಿಸುವ ಬಾಲ ಒಂದು. ಎಲ್ಲದರ ಮೇಲೂ ಪೆನ್ಸಿಲಿನಲ್ಲಿ ಗುರುತು.

ಅಳತೆ ಮಾತ್ರ ದರ್ಜಿ ಟೇಪಿನಲ್ಲಿ! ನನ್ನ ವರ್ನಿಯರ್ ಕೊಟ್ಟೆ. "ಗಾಳಿಗೆ ಇಷ್ಟು ಸೂಕ್ಷ್ಮ ಗೊತ್ತಾಗುತ್ತಾ ಮೇಸ್ತ್ರಿಗಳೇ?" ಅಂದು ವಾಪಸ್ಸು ಇಟ್ಟಳು.

ಜೂನ್ 22, ಶನಿವಾರ

ಇವತ್ತು ನಾನು ಅವಳ ಜೊತೆ ಮಾತಾಡಿಲ್ಲ.

ಗ್ಯಾರೇಜಿನ ಗೋಡೆಯಲ್ಲಿ ನನ್ನ ಹಲಗೆ ಇದೆ. ಪ್ರತಿ ಉಪಕರಣಕ್ಕೂ ಒಂದು ಕೊಕ್ಕೆ, ಕೊಕ್ಕೆಯ ಕೆಳಗೆ ಆ ಉಪಕರಣದ ಆಕಾರ ಕೆಂಪು ಬಣ್ಣದಲ್ಲಿ. ಏನಾದರೂ ಕಾಣೆಯಾದರೆ ಗೋಡೆಯೇ ಹೇಳುತ್ತದೆ. ಅದಕ್ಕೆ ಹನ್ನೆರಡು ವರ್ಷ ಹಿಡಿದಿತ್ತು. ಮಧ್ಯಾಹ್ನ ನಿದ್ದೆಯಿಂದ ಎದ್ದು ಹೋಗಿ ನೋಡುತ್ತೇನೆ, ಹಲಗೆ ಪೂರ್ತಿ ಬಿಳಿ ಬಳಿದಿದ್ದಾಳೆ! ಕೊಕ್ಕೆಗಳನ್ನೆಲ್ಲ ಕಿತ್ತು ಬೇರೆ ಕಡೆ ಹೊಡೆದಿದ್ದಾಳೆ. ಹೊಸ ಗೆರೆಗಳು ದರ್ಜಿಯ ನೀಲಿ ಸೀಮೆಸುಣ್ಣದಲ್ಲಿ.

"ನನಗೆ ಎಟುಕ್ತಿರ್ಲಿಲ್ಲ," ಅನ್ನುವುದು ಅವಳ ಸಮಜಾಯಿಷಿ.

ಎಟುಕಲಿಲ್ಲವಾದರೆ ಕೆಳಗಿಳಿಸಲಿ. ಆದರೆ ಹೆಚ್ಚು ಬೇಕಾಗುವ ಉಳಿ, ಅರ, ಸುತ್ತಿಗೆಯನ್ನೆಲ್ಲ ಎಡತುದಿಗೆ ಹಾಕಿದ್ದಾಳೆ. ಹಿಡಿಗಳೂ ಎಡಕ್ಕೆ ತಿರುಗಿವೆ. ಅವಳಿಗೆ ಬಲಗೈ ರೂಢಿ! ಕೆಲಸ ಗೊತ್ತಿಲ್ಲದವರು ಕೆಲಸದ ಮನೆ ಜೋಡಿಸಿದರೆ ಹೀಗೇ ಆಗುವುದು. ವಯಸ್ಸಾದ ಕಾಲಕ್ಕೆ ಜಗಳ ಬೇಡ ಅಂತ ನುಂಗಿಕೊಂಡೆ.

ಜುಲೈ 4, ಗುರುವಾರ

ಪ್ಲಾಸ್ಟರ್ ತೆಗೆದರು. ಕೈ ಬೆಳ್ಳಗೆ, ಸಣಕಲಾಗಿ, ಬೇರೆ ಯಾರದೋ ಕೈ ಹಾಗಿದೆ. ಹೆಬ್ಬೆರಳು, ತೋರುಬೆರಳು ಮಾತು ಕೇಳುತ್ತವೆ. ಉಳಿದ ಮೂರು, ಬೀಗರ ಮನೆಗೆ ಬಂದವರ ಹಾಗೆ ಸುಮ್ಮನೆ ಕೂತಿವೆ. ರಬ್ಬರ್ ಚೆಂಡು ಕೊಟ್ಟಿದ್ದಾರೆ, ದಿನಕ್ಕೆ ಇನ್ನೂರು ಸಲ ಹಿಸುಕಬೇಕು.

"ಪೂರ್ತಿ ಸರಿಹೋಗುತ್ತಾ?" ಅಂತ ಕೇಳಿದೆ.

"ನವೆಂಬರಿಗೆ ನೋಡೋಣ. ಅಲ್ಲೀವರೆಗೆ ಎಷ್ಟು ಬಂದಿರುತ್ತೋ ಅಷ್ಟೇ ನಿಲ್ಲುತ್ತೆ," ಅಂದರು ಡಾಕ್ಟರಮ್ಮ.

ಅಂದರೆ ನಾಲ್ಕು ತಿಂಗಳಿದೆ. ಇನ್ನೂರು ಯಾಕೆ, ನಾನೂರು ಸಲ ಹಿಸುಕುತ್ತೇನೆ.

ಜುಲೈ 13, ಶನಿವಾರ

ಇವತ್ತು ಯೆಲ್ಕಾ ಲೇತ್ ಮೇಲೆ ಅಚ್ಚು ಕಡೆದಳು. ಈ ಲೇತ್ ನಾನೇ ಮಾಡಿದ್ದು. ಹಳೆಯ ಬಟ್ಟೆ ಒಗೆಯುವ ಯಂತ್ರದ ಮೋಟರು, ರೈಲು ಕಂಬಿಯ ತುಂಡಿನ ತಳ. ಶುರುವಾದಾಗ ಕೆಮ್ಮುತ್ತದೆ, ಆಮೇಲೆ ಸರಿಹೋಗುತ್ತದೆ. ನನ್ನ ಹಾಗೇ ಅಂತ ಯೆಲ್ಕಾ ಹೇಳುತ್ತಾಳೆ.

ತಲೆಬಟ್ಟೆ ಬಿಚ್ಚಿಸಿದೆ, ತೋಳು ಕಟ್ಟಿಸಿದೆ, ಕನ್ನಡಕ ಹಾಕಿಸಿದೆ. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಕೂಗುತ್ತಿದ್ದೆ.

"ಒತ್ತಬೇಡ! ಉಳಿ ತಾನೇ ತಿನ್ನಲಿ. ಒತ್ತಬೇಡ ಅಂದೆ!"

"ಕೂಗಬೇಡ! ಹೊಲಿಗೆ ಮಿಷನ್ನಿಗೂ ಬಟ್ಟೆ ಒತ್ತಲ್ಲ, ಬಿಡ್ತೀವಿ. ನನಗೆ ಗೊತ್ತು."

ನಿಜವಾಗಿ ಗೊತ್ತಿತ್ತು. ಮೊದಲ ಹತ್ತು ನಿಮಿಷ ಪುಡಿ ಬಿತ್ತು, ಆಮೇಲೆ ಮರದ ಸುರುಳಿ ಉದ್ದಕ್ಕೆ ಬಿಚ್ಚಿಕೊಂಡು ಬಂತು. ಅವಳು ಒಂದು ಸುರುಳಿ ತೆಗೆದು ಕಿವಿಗೆ ಸಿಕ್ಕಿಸಿಕೊಂಡಳು. ನಾನು ಎಡಗೈಯಲ್ಲಿ ನೆಲ ಗುಡಿಸಿದೆ. ಊಟಕ್ಕೆ ಹುರುಳಿಕಾಯಿ ಸಲಾಡಿಗೆ ಕುಂಬಳಬೀಜದ ಎಣ್ಣೆ ಹಾಕಿ ಬ್ರೆಡ್ಡಿನ ಜೊತೆ ತಿಂದೆವು. ಬಹಳ ದಿನದ ಮೇಲೆ ಹಸಿವಾಗಿತ್ತು.

ಜುಲೈ 25, ಗುರುವಾರ

ಸಂತ ಯಾಕೋಬನ ದಿನ, ಗಿಲಕಿ ಏರಿಸುವ ಕಾಲ ಶುರು. ಫೆಲಿಕ್ಸ್ ಬೆಳಗ್ಗೆಯೇ ತನ್ನದನ್ನು ಏರಿಸಿದ. ಎದುರು ದಿಬ್ಬದಿಂದ ಕಟಕ್-ಕಟ ಕಟಕ್-ಕಟ ಅಂತ ದಿನವೆಲ್ಲ ಕೇಳುತ್ತಿದೆ. ನಮ್ಮದು ಇನ್ನೂ ಗ್ಯಾರೇಜಿನಲ್ಲಿ ತುಂಡುತುಂಡಾಗಿದೆ. ಮೇರಿ ಹಬ್ಬಕ್ಕೆ ಇಪ್ಪತ್ತೊಂದೇ ದಿನ.

ಚೆಂಡು: ನಾನೂರ ಹತ್ತು. ಮೂರು ಬೆರಳು: ಕದಲಿಲ್ಲ.

ಜುಲೈ 30, ಮಂಗಳವಾರ

ಜಗಳ. ಅಚ್ಚನ್ನು ಮರದ ಬಟ್ಟಲಲ್ಲಿ ಕೂರಿಸಬೇಕು ಅನ್ನುತ್ತಾಳೆ ಯೆಲ್ಕಾ, ನಮ್ಮಪ್ಪ ಹಾಗೇ ಮಾಡಿದ್ದನಂತೆ. ಅಪ್ಪನ ಕಾಲದಲ್ಲಿ ಬೇರಿಂಗ್ ಸಿಗುತ್ತಿರಲಿಲ್ಲ! ನನ್ನ ಡಬ್ಬದಲ್ಲಿ ಎರಡು ಒಳ್ಳೆಯ ಉಕ್ಕಿನ ಬೇರಿಂಗ್ ಇವೆ. ಊದಿದರೆ ಅರ್ಧ ನಿಮಿಷ ತಿರುಗುತ್ತವೆ.

"ಊದಿದ್ರೆ ತಿರುಗೋದು ಯಾಕೆ ಬೇಕು?" ಅಂತ ಅವಳು.

"ಕಡಿಮೆ ಘರ್ಷಣೆ ಅಂದ್ರೆ ಒಳ್ಳೇ ಯಂತ್ರ."

"ಇದು ಯಂತ್ರ ಅಲ್ಲ ಸ್ಲಾವ್ಕೊ, ಗಿಲಕಿ."

ನಾನು ಬಿಡಲಿಲ್ಲ. ಕೊನೆಗೆ, "ಆಯ್ತು ಮೇಸ್ತ್ರಿಗಳೇ, ನಿಮ್ಮಿಷ್ಟ," ಅಂದಳು. ನನ್ನ ಕೈಯಲ್ಲಿ ಆಗುವ ಕೆಲಸ ಇದೊಂದೇ, ಹೇಳುವುದು. ಅದನ್ನೂ ಬಿಟ್ಟುಕೊಡಲೇ?

ಆಗಸ್ಟ್ 9, ಶುಕ್ರವಾರ

ನಾಲ್ಕೂ ಸುತ್ತಿಗೆಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಸಿದೆ. ಒಂದೊಂದೂ ನಾನೂರ ಹನ್ನೆರಡು ಗ್ರಾಂ. ಹೆಚ್ಚಿದ್ದದ್ದನ್ನು ಉಪ್ಪುಕಾಗದದಲ್ಲಿ ಉಜ್ಜಿಸಿದೆ. ರೆಕ್ಕೆಗಳನ್ನು ಮೊಳೆಗೆ ತೂಗುಹಾಕಿ ಭಾರವಾದ ಕಡೆ ಕೀಸಿಸಿದೆ. ಯಾವ ರೆಕ್ಕೆಯೂ ತಾನಾಗಿ ಕೆಳಗಿಳಿಯುತ್ತಿಲ್ಲ. ಇಂಥ ಗಿಲಕಿ ಈ ಸೀಮೆಯಲ್ಲೇ ಇಲ್ಲ.

ಬಾಲದ ಹಲಗೆಗೆ ಮಾಡಿದವರ ಹೆಸರಿನ ಮೊದಲಕ್ಷರ ಸುಡುವುದು ಪದ್ಧತಿ. "ಯಾರದು ಹಾಕ್ಲಿ?" ಅಂದಳು. ನನ್ನದೇ ಹಾಕು, ಮನೆಯದು ತಾನೇ ಅಂದೆ. ಹಾಕಿದಳು.

ಆಗಸ್ಟ್ 15, ಗುರುವಾರ. ಮೇರಿ ಹಬ್ಬ

ಏರಿಸಿದೆವು! ಫೆಲಿಕ್ಸ್ ಮತ್ತು ಅವನ ಇಬ್ಬರು ಅಳಿಯಂದಿರು ಹಗ್ಗ ಹಿಡಿದರು. ನಾನು ಕೆಳಗೆ ನಿಂತು ಎಡಗೈಯಲ್ಲಿ ಸನ್ನೆ ಮಾಡಿದೆ. ಬಾಲಕ್ಕೆ ಎಲೆಯಿದ್ದ ಬರ್ಚ್ ಕೊಂಬೆ ಕಟ್ಟಿದ್ದಳು ಯೆಲ್ಕಾ. ಕಂಬ ನಿಂತ ಕೂಡಲೇ, ಗಾಳಿ ಇದೆ ಅಂತ ನಮಗೆ ಗೊತ್ತಾಗುವ ಮೊದಲೇ, ತಿರುಗತೊಡಗಿತು. ಟಕ ಟಕ ಟಕ ಟಕ.

"ಏನೋ ಇದು, ಗಿಲಕಿಗೆ ಇಷ್ಟು ಅವಸರ!" ಅಂದ ಫೆಲಿಕ್ಸ್. ಹೊಟ್ಟೆಕಿಚ್ಚು.

ಗಿಣ್ಣು ತುಂಬಿದ ರೊಟ್ಟಿ, ನೀರು ಬೆರೆಸಿದ ವೈನು. ಹಬ್ಬ ಚೆನ್ನಾಗಿ ಆಯಿತು. ಅಪ್ಪನ ಮರ್ಯಾದೆ ಉಳಿಸಿದೆ ಅನ್ನಿಸಿತು.

ಆಗಸ್ಟ್ 18, ಭಾನುವಾರ

ನಿಲ್ಲುತ್ತಿಲ್ಲ.

ಎಲೆ ಅಲುಗದಿದ್ದರೂ ತಿರುಗುತ್ತದೆ. ಮೂರು ದಿನ, ಮೂರು ರಾತ್ರಿ. ಎಲ್ಲರ ಗಿಲಕಿಯೂ ಸಂಜೆ ಗಾಳಿ ಬಿದ್ದಾಗ ಮಲಗುತ್ತದೆ, ನಮ್ಮದಕ್ಕೆ ನಿದ್ದೆಯೇ ಇಲ್ಲ. ಚರ್ಚಿನ ಮೆಟ್ಟಿಲ ಮೇಲೆ ಫೆಲಿಕ್ಸನ ಹೆಂಡತಿ ರೋಜಿಕಾ ಕೆಂಪು ಕಣ್ಣು ಮಾಡಿಕೊಂಡು ನಿಂತಿದ್ದಳು.

"ಸ್ಲಾವ್ಕೊ, ನಿನ್ನ ಫ್ಯಾಕ್ಟರೀಲಿ ರಾತ್ರಿ ಪಾಳಿ ಯಾವಾಗ ಮುಗಿಯುತ್ತೆ?"

ಮೆಟ್ಟಿಲ ತುಂಬ ನಗು. ಪಾದ್ರಿಗಳೂ ನಕ್ಕರು. ಅವಳು ಹೇಳಿದ್ದು ಸರಿ, ಅದೇ ನನಗೆ ಚುಚ್ಚಿದ್ದು. ಕೇಳಿದರೆ ಥೇಟ್ ನಮ್ಮ ಕಾರ್ಖಾನೆಯ ತಗಡು ಒತ್ತುವ ಯಂತ್ರದ ಸದ್ದು.

ಅದಕ್ಕಿಂತ ಕೆಟ್ಟದ್ದು ಮಧ್ಯಾಹ್ನ ಕಂಡೆ. ಕಬ್ಬಕ್ಕಿಗಳು ಗಿಲಕಿಯ ಬಾಲದ ಮೇಲೆಯೇ ಸಾಲಾಗಿ ಕೂತಿವೆ. ಒಂದೇ ಸಮನೆ ಬರುವ ಸದ್ದಿಗೆ ಪಳಗಿಬಿಟ್ಟಿವೆ. ಕೆಳಗೆ ಬಣ್ಣ ತಿರುಗುತ್ತಿರುವ ದ್ರಾಕ್ಷಿ. ಎರಡು ಸಾಲು ಆಗಲೇ ಖಾಲಿ.

ಯೆಲ್ಕಾ ತಗಡಿನ ಪಾತ್ರೆ ಬಡಿಯುತ್ತ ಸಾಲುಗಳ ನಡುವೆ ಓಡಾಡಿದಳು. ನನಗೆ ನಾಲ್ಕು ಮಾತು ಬೈದಿದ್ದರೆ ವಾಸಿಯಿತ್ತು.

ಆಗಸ್ಟ್ 20, ಮಂಗಳವಾರ

ನಾನೇ ಫೆಲಿಕ್ಸನ ಮನೆಗೆ ಹೋಗಿ ಹಗ್ಗಕ್ಕೆ ಜನ ಕೇಳಿದೆ. ಹೋದ ಸಲ ಕೇಳದೆ ಇದ್ದದ್ದಕ್ಕೆ ಆದದ್ದು ಸಾಕು. "ನನಗೆ ನಿದ್ದೆ ಬರುತ್ತೆ ಅಂದ್ರೆ ಚಂದ್ರಲೋಕಕ್ಕೂ ಬರ್ತೀನಿ," ಅಂದು ಚಪ್ಪಲಿ ಮೆಟ್ಟಿಕೊಂಡ.

ಇಳಿಸಿ ಗ್ಯಾರೇಜಿಗೆ ತಂದೆವು. ಎಲ್ಲರೂ ಹೋದ ಮೇಲೆ ಯೆಲ್ಕಾಳಿಗೆ ಹೇಳಿದೆ: "ನಿನಗೆ ಹೇಗೆ ಸರಿ ಕಾಣುತ್ತೋ ಹಾಗೆ ಮಾಡು. ನಾನು ಬಾಯಿ ಬಿಡಲ್ಲ."

"ನೀನಾ?"

"ಬಿಡಲ್ಲ ಅಂದೆನಲ್ಲ."

ಅವಳು ಬೇರಿಂಗ್ ಕಳಚಿ ನನ್ನ ಡಬ್ಬಕ್ಕೇ ಹಾಕಿದಳು. ಓಕ್ ಮರದಲ್ಲಿ ಬಟ್ಟಲು ಕೊರೆದು ಅಚ್ಚು ಕೂರಿಸಿದಳು, ಹಂದಿ ಕೊಬ್ಬಿನ ಸಿಪ್ಪೆ ಉಜ್ಜಿದಳು. ಆಮೇಲೆ ಸುತ್ತಿಗೆಗಳು. ಎರಡನ್ನು ಹಾಗೇ ಬಿಟ್ಟಳು, ಒಂದನ್ನು ಒಂದು ಪದರ ಕೀಸಿದಳು, ಇನ್ನೊಂದನ್ನು ಮೂರು ಪದರ. ಪ್ರತಿ ಸಲ ಕೈಯಲ್ಲೇ ತಿರುಗಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು.

ಅಷ್ಟು ಹೊತ್ತು ತಡೆದುಕೊಂಡವನು ಕೊನೆಗೆ ಕೇಳಿಯೇಬಿಟ್ಟೆ, ಎಷ್ಟು ತೆಗೆಯಬೇಕು ಅಂತ ಹೇಗೆ ಗೊತ್ತು ಅಂತ.

"ಯಾರಿಗೂ ಎರಡು ಭುಜ ಒಂದೇ ಸಮ ಇರಲ್ಲ ಸ್ಲಾವ್ಕೊ. ಸಮ ಹೊಲಿದ್ರೆ ಶರ್ಟು ಚೆನ್ನಾಗಿ ಕೂರಲ್ಲ. ಸ್ವಲ್ಪ ಬಿಡಬೇಕು."

ಅವಳು ಕೈ ಚಾಚಿದಾಗಲೆಲ್ಲ ಕೀಸುಳಿಯೋ ಅರವೋ ಕೊಡುತ್ತಿದ್ದೆ. ಯಾವುದು ಬೇಕು ಅಂತ ಕೇಳುವ ಮೊದಲೇ ಗೊತ್ತಾಗುತ್ತಿತ್ತು. ಸಂಜೆಯಾದದ್ದು ತಿಳಿಯಲಿಲ್ಲ. ಚೆಂಡು ಹಿಸುಕುವುದು ಮರೆತೆ.

ಆಗಸ್ಟ್ 24, ಶನಿವಾರ

ಮತ್ತೆ ಏರಿಸಿದೆವು. ಎಲ್ಲರೂ ಕಾಯುತ್ತ ನಿಂತೆವು. ಅಲುಗಲಿಲ್ಲ. ಫೆಲಿಕ್ಸ್ ಬಾಯಿ ತೆರೆಯುವಷ್ಟರಲ್ಲಿ ದಕ್ಷಿಣದಿಂದ ಒಂದು ಒಳ್ಳೆಯ ಗಾಳಿ ಬಂತು. ರೆಕ್ಕೆ ಒಮ್ಮೆ ಮೈಮುರಿದು ತಿರುಗಿತು. ಟಕ್, ಟೊಕ್, ಟಕ್, ಸ್ವಲ್ಪ ತಡೆದು ಟುಂಕ್. ಚೆರಿ ಹಲಗೆ ಹಾಡಿತು. ಅದು ಅಪ್ಪನ ಗಿಲಕಿಯ ಹಾಡಲ್ಲ. ಹೊಸದು. ದ್ರಾಕ್ಷಿಯೊಳಗಿಂದ ಕಬ್ಬಕ್ಕಿಗಳು ಗುಂಪಾಗಿ ಎದ್ದು ಹೋದವು.

ಫೆಲಿಕ್ಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಇದು ಗಿಲಕಿ ಕಣಯ್ಯ. ಯಾರು ಮಾಡಿದ್ದು?"

"ಯೆಲ್ಕಾ," ಅಂದೆ.

"ಬಾಲದ ಮೇಲೆ ನಿನ್ನ ಅಕ್ಷರ ಇದೆಯಲ್ಲ?"

ಇರಲಿಲ್ಲ. ನಿನ್ನೆ ಅವಳು ಪೇಟೆಗೆ ಹೋದಾಗ ನನ್ನಕ್ಷರ ಕೀಸಿ, ಕಾದ ಕಬ್ಬಿಣದಲ್ಲಿ ಅವಳದನ್ನು ಸುಟ್ಟಿದ್ದೆ. ಸ್ವಲ್ಪ ಸೊಟ್ಟ ಬಂದಿದೆ. ಅವಳು ಕತ್ತೆತ್ತಿ ಓದಿ, ಮೂಗು ಒರೆಸಿಕೊಂಡು, ಎಲ್ಲರಿಗೂ ತಿನ್ನಲು ತರುತ್ತೇನೆ ಅಂತ ಒಳಗೆ ಹೋದವಳು ಬಹಳ ಹೊತ್ತು ಬರಲೇ ಇಲ್ಲ.

ಅಕ್ಟೋಬರ್ 5, ಶನಿವಾರ

ಕೊಯ್ಲು ಮುಗಿಯಿತು. ಬರೆಯಲು ಪುರಸೊತ್ತಿರಲಿಲ್ಲ. ಆರು ನೂರು ಲೀಟರ್ ರಸ, ಚೆನ್ನಾಗಿ ಹುಳಿ ಬರುತ್ತಿದೆ.

ಫೆಲಿಕ್ಸನ ದ್ರಾಕ್ಷಿ ಹಿಂಡುವ ಯಂತ್ರದ ತಿರುಪು ಕೊಯ್ಲಿನ ನಡುವೆ ಕೈಕೊಟ್ಟಿತು. ತಲೆ ಮೇಲೆ ಕೈ ಹೊತ್ತು ಬಂದ. ಹಲ್ಲು ಸವೆದಿತ್ತು. ಹೊಸ ತುಂಡು ಕಡೆದು, ಅರದಲ್ಲಿ ಹಲ್ಲು ತಿದ್ದಿ, ಮಧ್ಯಾಹ್ನದೊಳಗೆ ಕೂರಿಸಿಕೊಟ್ಟೆ. ಒಂದು ಹಲ್ಲು ಸ್ವಲ್ಪ ದಪ್ಪ ಉಳಿಯಿತು. ಬಿಟ್ಟೆ, ಓಡುತ್ತೆ. ಯೆಲ್ಕಾ ಪಕ್ಕದಲ್ಲಿ ಮರದ ಹಕ್ಕಿಗೂಡೊಂದರ ಮುಚ್ಚಳ ಕೀಸುತ್ತಿದ್ದಳು. ಇಬ್ಬರೂ ರೇಡಿಯೋ ಹಾಕಿಕೊಂಡಿದ್ದೆವು.

ರಬ್ಬರ್ ಚೆಂಡು ಎಲ್ಲಿ ಹೋಯಿತೋ. ಫೆಲಿಕ್ಸನ ನಾಯಿ ಕಚ್ಚಿಕೊಂಡು ಹೋಗಿರಬೇಕು.

ನವೆಂಬರ್ 11, ಸೋಮವಾರ. ಮಾರ್ಟಿನ್ ಹಬ್ಬ

ಗಿಲಕಿ ಇಳಿಸಿದೆವು, ಇಳಿಸಬೇಕಾದ ದಿನವೇ. ನಾಲ್ಕು ಜನ, ಎರಡು ಹಗ್ಗ. ಒರೆಸಿ, ಕೊಬ್ಬು ಉಜ್ಜಿ, ಅಟ್ಟಕ್ಕೆ ಹಾಕಿದೆವು. ದಿಬ್ಬ ಇದ್ದಕ್ಕಿದ್ದಂತೆ ಮೌನವಾಯಿತು. ಹುರಿದ ಬಾತು, ಹೊಸ ವೈನು. ನಾಳೆ ಆಸ್ಪತ್ರೆ. ನಿದ್ದೆ ಬರುತ್ತದೋ ಇಲ್ಲವೋ.

ನವೆಂಬರ್ 12, ಮಂಗಳವಾರ

ಡಾಕ್ಟರಮ್ಮ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದರು. ಹೆಬ್ಬೆರಳು, ತೋರುಬೆರಳು ಚೆನ್ನಾಗಿವೆ. ಉಳಿದ ಮೂರು ಇನ್ನು ಮಡಚುವುದಿಲ್ಲ. ಇಷ್ಟೇ. ಬೇಸರದಿಂದಲೇ ಹೇಳಿದರು.

ಆಶ್ಚರ್ಯವೆಂದರೆ ನಾನು ಕುಸಿಯಲಿಲ್ಲ. ಅವರ ಎದುರಿನ ಕಾಗದಕ್ಕೆ ಸಹಿ ಬೇಕಿತ್ತು, ಎಡಗೈಯಲ್ಲಿ ಸರ್ರನೆ ಹಾಕಿದೆ. ಅವರು ಅಕ್ಷರ ನೋಡಿದರು.

"ಹುಟ್ಟಾ ಎಡಗೈಯವರಾ ನೀವು?"

"ಅಲ್ಲ. ನೀವೇ ಹೇಳಿದ್ರಲ್ಲ, ದಿನಾ ಎಡಗೈಲಿ ಬರೀಬೇಕು ಅಂತ."

"ನಾನಾ? ಇಲ್ಲವಲ್ಲ," ಅಂದರು. ಆಮೇಲೆ ನೆನಪು ಮಾಡಿಕೊಂಡು, "ಜೂನಲ್ಲಿ ನಿಮ್ಮ ಹೆಂಡತಿ ಕೇಳಿದ್ರು, ಕೈ ಮೊದಲಿನ ಹಾಗಾಗುತ್ತಾ ಅಂತ. ಬಹುಶಃ ಆಗಲ್ಲ ಅಂದೆ. ನಿಮಗೆ ಈಗ್ಲೇ ಹೇಳ್ಬೇಡಿ, ಅಷ್ಟರಲ್ಲಿ ಅಭ್ಯಾಸ ಆಗ್ಲಿ ಅಂತ ಬೇಡಿಕೊಂಡ್ರು. ಯಾವ ಅಭ್ಯಾಸ ಅಂತ ನನಗೂ ಅರ್ಥ ಆಗಿರ್ಲಿಲ್ಲ."

ಮನೆಗೆ ಬಂದವನು ಕೋಟು ಕಳಚದೆ ಗ್ಯಾರೇಜಿಗೆ ಹೋದೆ. ಗೋಡೆಯ ಹಲಗೆಯ ಮುಂದೆ ನಿಂತೆ. ಎಡತುದಿಯಲ್ಲಿ ಉಳಿ, ಅರ, ಸುತ್ತಿಗೆ, ಹಿಡಿಗಳೆಲ್ಲ ಎಡಕ್ಕೆ. ಕೈ ಚಾಚಿದೆ. ಒಂದೊಂದೂ ಮೇಲೆತ್ತಿದ ನನ್ನ ಎಡಗೈಗೆ ಸರಿಯಾದ ಎತ್ತರದಲ್ಲಿತ್ತು. ನನಗಿಂತ ಒಂದು ಗೇಣು ಗಿಡ್ಡ ಇರುವ ಅವಳು ಅವನ್ನು ಮುಟ್ಟಲು ಐದು ತಿಂಗಳಿಂದ ಸ್ಟೂಲು ಹತ್ತುತ್ತಿದ್ದಾಳೆ. ದಿನಾ ನೋಡಿದ್ದೇನೆ. ನೂರನೇ ಪಾಲು ಮಿಲಿಮೀಟರು ಕಾಣುವ ಕಣ್ಣಿಗೆ ಅದು ಕಂಡಿರಲಿಲ್ಲ.

ಅವಳು ಹಕ್ಕಿಗೂಡು ಹಿಡಿದುಕೊಂಡು ಬಂದಳು.

"ಡಾಕ್ಟರಮ್ಮ ಏನೂ ಹೇಳಿಲ್ವಂತೆ," ಅಂದೆ. "ಬರೆಯೋಕೆ."

ಅವಳು ಗೂಡನ್ನು ಮೇಜಿನ ಮೇಲಿಟ್ಟಳು. "ಯಾರಾದ್ರೂ ಹೇಳ್ಬೇಕಿತ್ತಲ್ಲ. ನಾನು ಹೇಳಿದ್ರೆ ನೀನು ಕೇಳ್ತಿದ್ಯಾ?"

"ಇಲ್ಲ."

"ಮತ್ತೆ?"

ಅತ್ತುಬಿಟ್ಟೆ. ಅದನ್ನೂ ಬರೆದಿಡುತ್ತೇನೆ. ಅವಳ ಮುಂದೆಯೇ, ಕೋಟು ಹಾಕಿಕೊಂಡೇ ಅತ್ತೆ. ಅವಳು ನನ್ನ ಬಲಗೈ ತೆಗೆದುಕೊಂಡು, ಮಡಚದ ಮೂರು ಬೆರಳುಗಳನ್ನು ತನ್ನ ಅಂಗೈಯೊಳಗೆ ಮುಚ್ಚಿಕೊಂಡಳು. ಆಮೇಲೆ, ಮುಚ್ಚಳದ ತಿರುಗಣಿ ಕೂರುತ್ತಿಲ್ಲ, ಸ್ವಲ್ಪ ನೋಡು ಅಂದಳು. ನೋಡಿದೆ. ಅವಳ ಮೊಳೆ ವಕ್ರವಾಗಿತ್ತು.

ಸಂಜೆ ಕೆಂಪು ಬಣ್ಣದ ಡಬ್ಬಿ ತೆಗೆದು, ಅವಳ ಸೀಮೆಸುಣ್ಣದ ಗೆರೆಗಳ ಮೇಲೆಯೇ ಉಪಕರಣಗಳ ಆಕಾರ ಬರೆದೆ. ಅವು ಇನ್ನು ಅಳಿಸಿಹೋಗುವುದಿಲ್ಲ. ಸ್ಟೂಲಿಗೂ ಗೋಡೆಯ ಪಕ್ಕ ಒಂದು ಜಾಗ ಬರೆದೆ.